ಐಸ್ ನೀರಿನಿಂದ ಎದ್ದ ಮೇಲೆ ಕಾಲು ಮರಗಟ್ಟಿದರೆ

ಪ್ರಶ್ನೆ: ನಾನು 400 ಮೀಟರ್ ಓಡುವವಳು, ವಯಸ್ಸು 21. ಕೂಟವಿರಲಿ, ಜಿಮ್ ಇರಲಿ, ಮುಗಿದ ಕೂಡಲೇ ನಮ್ಮ ತಂಡದವರೆಲ್ಲ ಐಸ್ ಹಾಕಿದ ಡ್ರಮ್ಮಿನಲ್ಲಿ ಕೂರುತ್ತೇವೆ. ನೋವೇನೋ ಇಳಿಯುತ್ತದೆ. ಆದರೆ ಹೋದ ಕೂಟದಲ್ಲಿ ಹೀಟ್ಸ್ ಮುಗಿಸಿ ಐಸಿನಲ್ಲಿ ಕೂತು, ಒಂದು ಗಂಟೆಯೊಳಗೆ ಸೆಮಿಫೈನಲ್‌ಗೆ ನಿಂತಾಗ ಕಾಲು ನನ್ನದೇ ಅಲ್ಲ ಅನ್ನಿಸಿತು. ನಾನು ಮಾಡುತ್ತಿರುವುದು ಸರಿಯೇ ಮೇಡಂ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಓದುತ್ತಿದ್ದ ಹಾಗೆ ನನ್ನದೇ ಒಂದು ಸಂಜೆ ಕಣ್ಣಮುಂದೆ ಬಂತು. ನಾನೂ 400 ಓಡುತ್ತಿದ್ದವಳು. ಫೈನಲ್‌ಗೆ ಇನ್ನೂ ಮುಕ್ಕಾಲು ಗಂಟೆ ಇದೆ ಅಂತ ಸೊಂಟ ಮುಳುಗುವಷ್ಟು ಐಸ್ ನೀರಿನಲ್ಲಿ ಕೂತೆ. ಎದ್ದಾಗ ತೊಡೆ ಕೆಂಪಗಾಗಿತ್ತು, ಒತ್ತಿದರೆ ಬೇರೆ ಯಾರದೋ ತೊಡೆ ಒತ್ತಿದ ಹಾಗೆ. ನೋವಿಲ್ಲವಲ್ಲ ಅಂತ ಸಂತೋಷಪಟ್ಟೆ. ಓಟ ಶುರುಮಾಡಲು ಕಾಲು ಊರುವ ಬ್ಲಾಕ್ ಒದ್ದು ಎದ್ದ ಮೂರನೇ ಹೆಜ್ಜೆಗೇ ಗೊತ್ತಾಯಿತು, ನೋವಿನ ಜೊತೆ ಕಸುವೂ ಹೋಗಿದೆ ಅಂತ. ತಂಪಾದ ಸ್ನಾಯು ನಿಧಾನವಾಗಿ ಬಿಗಿಯುತ್ತದೆ, ನರದ ಸಂದೇಶವೂ ನಿಧಾನವಾಗುತ್ತದೆ. ನೋವು ಕಡಿಮೆ ಅನ್ನಿಸುವುದಕ್ಕೂ ವೇಗ ಸತ್ತುಹೋಗುವುದಕ್ಕೂ ಕಾರಣ ಒಂದೇ. ನೀರಿನಿಂದ ಎದ್ದ ಮೇಲೂ ಒಳಗಿನ ಸ್ನಾಯು ಇನ್ನಷ್ಟು ಹೊತ್ತು ತಣ್ಣಗಾಗುತ್ತಲೇ ಇರುತ್ತದೆ. ಹಾಗಾಗಿ ಮುಕ್ಕಾಲು ಗಂಟೆ ಯಾತಕ್ಕೂ ಸಾಲುವುದಿಲ್ಲ.

ಒಂದೆರಡು ಗಂಟೆಯೊಳಗೆ ಮತ್ತೆ ಸ್ಪ್ರಿಂಟ್ ಓಡುವುದಿದ್ದರೆ ಡ್ರಮ್ಮಿನ ಹತ್ತಿರ ಹೋಗಲೇಬೇಡಿ. ಉರಿಬಿಸಿಲಲ್ಲಿ ದೂರ ಓಡುವವರ, ಸೈಕಲ್ ತುಳಿಯುವವರ ಮಾತು ಬೇರೆ. ಅವರಿಗೆ ಮೈಯ ಕಾವೇ ಶತ್ರು, ಎರಡು ಸುತ್ತಿನ ನಡುವೆ ಮೈ ತಂಪು ಮಾಡಿಕೊಂಡರೆ ಅನುಕೂಲವಾಗುತ್ತದೆ.

ಹಾಗಾದರೆ ತಣ್ಣೀರು ಯಾವಾಗ? ಇವತ್ತಿನ ಓಟವೆಲ್ಲ ಮುಗಿದು ನಾಳೆ ಬೆಳಿಗ್ಗೆ ಮತ್ತೆ ಓಡಬೇಕಾದಾಗ. 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರು, 10ರಿಂದ 15 ನಿಮಿಷ, ಸೊಂಟದವರೆಗೆ. ದಯವಿಟ್ಟು ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಡ್ರಮ್ಮಿನ ತುಂಬ ಐಸ್ ಸುರಿದು 3-4 ಡಿಗ್ರಿಯಲ್ಲಿ ಹಲ್ಲು ಕಚ್ಚಿ ಕೂರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರಿಂದ ಹೆಚ್ಚಿನ ಲಾಭವೇನೂ ಇಲ್ಲ, ಅಪಾಯ ಮಾತ್ರ ಇದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆದುಕೊಳ್ಳುತ್ತದೆ, 12 ಡಿಗ್ರಿಯೇ ಧಾರಾಳ.

ನಾಳೆಯ ಮೈಕೈ ನೋವು ಕಡಿಮೆಯಾಗುವುದು ನಿಜ. ಅದರಲ್ಲಿ ನಂಬಿಕೆಯ ಪಾಲೂ ಇದೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕೆಲವರನ್ನು ತಣ್ಣೀರಿನಲ್ಲಿ ಕೂರಿಸಿದರು. ಇನ್ನು ಕೆಲವರನ್ನು ಬೆಚ್ಚನೆಯ ನೀರಿನಲ್ಲಿ ಕೂರಿಸಿ, ಚೇತರಿಕೆಗೆಂದೇ ಮಾಡಿದ ಎಣ್ಣೆ ಅಂತ ಹೇಳಿ ಏನೋ ಬೆರೆಸಿದರು. ಅದರಲ್ಲಿ ಅಂಥ ಗುಣವೇನೂ ಇರಲಿಲ್ಲ, ಆದರೂ ಅವರ ಕಾಲಿನ ಶಕ್ತಿ ತಣ್ಣೀರಿನವರಷ್ಟೇ ಚೆನ್ನಾಗಿ ಮರಳಿತು. ಇದನ್ನು ಹೇಳಿ ನಿಮ್ಮ ನಂಬಿಕೆ ಕೆಡಿಸುವ ಮನಸ್ಸು ನನಗಿಲ್ಲ. ಕೂಟದ ಹಿಂದಿನ ರಾತ್ರಿ ‘ಕಾಲು ಹಗುರಾಗಿದೆ’ ಅನ್ನಿಸುವುದೂ ದೊಡ್ಡ ವಿಷಯವೇ.

ಜಿಮ್ ಆದ ಮೇಲಿನ ಐಸ್ ಮಾತ್ರ ಇವತ್ತಿನಿಂದಲೇ ನಿಲ್ಲಿಸಿ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೂಕ ಎತ್ತಿದ ಬಳಿಕ ಪ್ರತಿ ಸಲವೂ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತವರಿಗೆ 12 ವಾರದ ಕೊನೆಗೆ ಬಂದ ಸ್ನಾಯುವೂ ಬಲವೂ, ಹಗುರಾಗಿ ಸೈಕಲ್ ತುಳಿದವರಿಗಿಂತ ಕಡಿಮೆ. ಭಾರ ಎತ್ತಿದ ಮೇಲೆ ಸ್ನಾಯುವಿನೊಳಗೆ ಕಟ್ಟುವ ಕೆಲಸ ಶುರುವಾಗಿರುತ್ತದೆ, ತಣ್ಣೀರು ಅದನ್ನು ಕುಗ್ಗಿಸುತ್ತದೆ. ಬೆವರು ಸುರಿಸಿ ಗಳಿಸಿದ್ದನ್ನು ಡ್ರಮ್ಮಿನಲ್ಲಿ ಕಳೆಯಬೇಡಿ.

ಇಳಿಯುವಾಗ ನಿಧಾನ ಇರಲಿ. ಮೊದಲ ಒಂದೆರಡು ನಿಮಿಷ ಉಸಿರು ಗಕ್ಕನೆ ಎಳೆದುಕೊಳ್ಳುತ್ತದೆ, ಎದೆ ಡವಡವ ಅನ್ನುತ್ತದೆ. ಒಬ್ಬರೇ ಇರುವಾಗ ಇಳಿಯಬೇಡಿ, ತಲೆ ಮುಳುಗಿಸಬೇಡಿ. ಹೃದಯದ ತೊಂದರೆ, ಬಿ.ಪಿ. ಇರುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಮುಂದಿನ ಕೂಟದಲ್ಲಿ ಹೀಟ್ಸ್ ಆದ ಕೂಡಲೇ ಒಣಬಟ್ಟೆ ಹಾಕಿಕೊಂಡು ಹತ್ತು ನಿಮಿಷ ನಡೆಯಿರಿ, ನೀರು ಕುಡಿದು ನೆರಳಲ್ಲಿ ಕಾಲು ಚಾಚಿ ಕೂರಿ. ಸೆಮಿಗೆ ಮುಂಚೆ ಮತ್ತೆ ಪೂರ್ತಿ ವಾರ್ಮ್ ಅಪ್, ಮೂರು ಸ್ಟ್ರೈಡ್ (ವೇಗ ಏರಿಸುತ್ತ ಓಡುವ ಚಿಕ್ಕ ಓಟ). ಮೊದಲ ತಿರುವಿನಲ್ಲಿ ಕಾಲು ಹೇಗಿತ್ತು ಅಂತ ನನಗೆ ಬರೆಯಿರಿ.