ಗುಡ್ಡ ಹತ್ತಿ ಮುಗಿಸಿದ ತರಬೇತಿ

ಹೊಸನಗರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಶಾಲೆಯಲ್ಲಿ 31 ಮಕ್ಕಳು, ನಾವು ಮೂವರು. ತರಬೇತಿಯ ಲಿಂಕ್ ವಾಟ್ಸಾಪ್‌ನಲ್ಲಿ ಬರುತ್ತದೆ. ನೆಟ್‌ವರ್ಕ್ ಸಿಗುವುದು ಶಾಲೆ ಹಿಂದಿನ ಗುಡ್ಡದ ಮೇಲೆ. ಕೊಡೆ ಹಿಡಿದು ನಿಂತು ವಿಡಿಯೊ ಓಡಿಸುತ್ತೇನೆ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತುತ್ತೇನೆ, ಸರ್ಟಿಫಿಕೇಟ್ ಇಳಿಸಿಕೊಂಡು ಬರುತ್ತೇನೆ. ಏನು ಕಲಿತಿರಿ ಅಂತ ಕೇಳಿದರೆ ಹೇಳಲಾರೆ. ದಾನಿಗಳು ಕೊಟ್ಟ ಸ್ಮಾರ್ಟ್ ಟಿವಿ ತೇವಕ್ಕೆ ಹಾಳಾಗಬಾರದು ಅಂತ ಪ್ಲಾಸ್ಟಿಕ್ ಹೊದಿಸಿಟ್ಟಿದ್ದೇವೆ. ಹಾಕಿದಾಗ ಮಕ್ಕಳು ಗಲಾಟೆ ಮಾಡದೆ ಕೂರುತ್ತಾರೆ, ಅದೊಂದು ಲಾಭ. ನನಗೆ 52 ವರ್ಷ. ಇದನ್ನೆಲ್ಲ ಹೊಸ ಹುಡುಗರಿಗೆ ಬಿಟ್ಟು ನಾನು ಕಪ್ಪುಹಲಗೆಯಲ್ಲೇ ನಿವೃತ್ತಿ ಆಗಬಹುದಾ?”

ಪ್ರಿಯ ಮೇಡಂ,

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕಪ್ಪುಹಲಗೆ ಬಿಡಬೇಡಿ. ಟಿವಿಯನ್ನು ಹುಡುಗರಿಗೆ ಬಿಟ್ಟುಕೊಡಲೂ ಬೇಡಿ. ಯಾವ ಮಗು ಭಾಗಾಕಾರದಲ್ಲಿ ಎಲ್ಲಿ ಎಡವುತ್ತದೆ ಅಂತ ನಿಮಗೆ ಗೊತ್ತು. ಅದು ಯಾವ ಆ್ಯಪ್‌ಗೂ ಗೊತ್ತಿಲ್ಲ. ಫೋನು ಚೆನ್ನಾಗಿ ಬಳಸುವ ಹೊಸ ಮೇಷ್ಟ್ರಿಗೂ ಅದು ಗೊತ್ತಾಗಲು ಕೆಲವು ವರ್ಷ ಬೇಕು.

ಗುಡ್ಡದ ಮೇಲೆ ನಿಂತು ಏನೂ ಕಲಿಯಲಿಲ್ಲ ಅಂತ ನಾಚಿಕೊಂಡು ಬರೆದಿದ್ದೀರಿ. ಆ ತಪ್ಪು ನಿಮ್ಮದಲ್ಲ. ಕೇಂದ್ರ ಸರ್ಕಾರ ಶಿಕ್ಷಕರಿಗೆ ಕೊಡುವ ನಿಷ್ಠಾ ತರಬೇತಿ 2019ರಲ್ಲಿ ಶುರುವಾದಾಗ ಎದುರುಬದುರು ಕೂತು ನಡೆಯುತ್ತಿತ್ತು. ಕೊರೊನಾ ಬಂದ ಮೇಲೆ, 2020ರ ಅಕ್ಟೋಬರ್‌ನಿಂದ, ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪ್‌ಗೆ ಬಂತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕು ಎಂದಿತು. ಒಳ್ಳೆಯ ಮಾತೇ. ಆದರೆ ಗಂಟೆ ಲೆಕ್ಕ ಹಾಕುವುದು ಸುಲಭ, ಕಲಿತದ್ದನ್ನು ಲೆಕ್ಕ ಹಾಕುವುದು ಕಷ್ಟ. ಹಾಗಾಗಿ ಸುಲಭದ್ದೇ ಉಳಿದುಕೊಂಡಿತು.

ಇದು ಇವತ್ತಿನ ಕಥೆಯೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳೂ ಅದರಲ್ಲಿದ್ದವು. ಶಿಕ್ಷಕರ ತರಬೇತಿಯೂ ಅದರಲ್ಲೇ ನಡೆಯಿತು. ರೇಡಿಯೊದಲ್ಲಿ ‘ಕೇಳಿ ಕಲಿ’ ಎಂಬ ಶಾಲಾ ಪಾಠದ ಕಾರ್ಯಕ್ರಮ ಬಂತು. 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠ ನಡೆಯಿತು. ಇಷ್ಟರಲ್ಲೂ ಪಾಠ ಬರುತ್ತಿದ್ದದ್ದು ಮೇಲಿನಿಂದ. ಶಿಕ್ಷಕರ ಪಾಲಿಗೆ ಹೆಚ್ಚಾಗಿ ಉಳಿದದ್ದು ಸ್ವಿಚ್ ಹಾಕುವ ಕೆಲಸ.

ಪೆರು ದೇಶದಲ್ಲಿ ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೂ ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ನೋಡಿದ ಅಧ್ಯಯನ 2012ರಲ್ಲಿ ಬಂತು. ಗಣಿತ, ಭಾಷೆ ಎರಡರಲ್ಲೂ ಅಂಕ ಮೇಲೇಳಲಿಲ್ಲ. ಪೆಟ್ಟಿಗೆ ಬಂದಿತ್ತು, ಪಾಠ ಬದಲಾಗಿರಲಿಲ್ಲ. ನಮ್ಮ ಎಷ್ಟೋ ಹೈಸ್ಕೂಲುಗಳ ಕಂಪ್ಯೂಟರ್ ಕೋಣೆಗೆ ಬೀಗ ಬಿದ್ದದ್ದನ್ನು ನೀವೂ ನೋಡಿದ್ದೀರಿ, ಅಲ್ವಾ?

ಮಿಶ್ರಾ ಮತ್ತು ಕೋಹ್ಲರ್ ಎಂಬ ಇಬ್ಬರು ಪ್ರಾಧ್ಯಾಪಕರು 2006ರಲ್ಲಿ ಒಂದು ಮಾತು ಹೇಳಿದರು. ಶಿಕ್ಷಕರಿಗೆ ವಿಷಯ ಗೊತ್ತಿರಬೇಕು, ಅದನ್ನು ಕಲಿಸುವ ರೀತಿ ಗೊತ್ತಿರಬೇಕು, ಉಪಕರಣ ಗೊತ್ತಿರಬೇಕು. ಮೂರನ್ನೂ ಬೇರೆ ಬೇರೆ ಕಲಿತರೆ ಸಾಲದು, ಮೂರೂ ಕೂಡುವ ಜಾಗದಲ್ಲಿ ಕಲಿಯಬೇಕು. ನಮ್ಮ ಹೆಚ್ಚಿನ ತರಬೇತಿಗಳು ಮೂರನೆಯದನ್ನು ಮಾತ್ರ ಹಿಡಿದುಕೊಂಡಿವೆ. ‘ಇಲ್ಲಿ ಕ್ಲಿಕ್ ಮಾಡಿ, ಈಗ ಅಲ್ಲಿ ಕ್ಲಿಕ್ ಮಾಡಿ.’

ಬೇರೆ ಥರದ ತರಬೇತಿಯನ್ನೂ ನಾನು ನೋಡಿದ್ದೇನೆ. ತೀರ್ಥಹಳ್ಳಿ ಕಡೆ ಒಮ್ಮೆ ಸುಮಾರು ಇಪ್ಪತ್ತು ಗಣಿತ ಶಿಕ್ಷಕರು ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರ್ ಮುಂದೆ ಕೂತಿದ್ದರು. ಹೇಳಿಕೊಡುವವರು ಒಂದೇ ಕೆಲಸ ಕೊಟ್ಟರು. ತ್ರಿಭುಜ ಬರೆಯಿರಿ, ಒಂದು ಮೂಲೆ ಹಿಡಿದು ಎಳೆಯಿರಿ, ಕೋನಗಳ ಮೊತ್ತ 180 ಬಿಟ್ಟು ಬೇರೆ ಬರುವ ಹಾಗೆ ಮಾಡಿ ನೋಡೋಣ. ಹತ್ತು ನಿಮಿಷ ಎಲ್ಲರೂ ಎಳೆದರು. ಒಬ್ಬರಿಗೆ 179 ಅಂತ ಬಂತು! ಕೋಣೆಯಲ್ಲಿ ಗದ್ದಲ ಎದ್ದಿತು. ಪ್ರತಿ ಕೋನವನ್ನೂ ಪೂರ್ಣಸಂಖ್ಯೆಗೆ ಇಳಿಸಿ ತೋರಿಸುತ್ತಿದ್ದರಿಂದ ಹಾಗಾಗಿದೆ ಅಂತ ಹುಡುಕಿದ್ದು ನಿವೃತ್ತಿಗೆ ಎರಡು ವರ್ಷ ಇದ್ದ ಮೇಷ್ಟ್ರು. ಅಂದಾಜು ಬೆಲೆ, ದಶಮಾಂಶ, ಪ್ರಮೇಯ ಸಾಧಿಸುವುದು, ಎಲ್ಲದರ ಬಗ್ಗೆ ಅಲ್ಲೇ ಮಾತು ನಡೆಯಿತು. ಸಾಫ್ಟ್‌ವೇರ್ ಕಲಿತದ್ದು ಯಾರಿಗೂ ಗೊತ್ತೇ ಆಗಲಿಲ್ಲ. ಎಲ್ಲರೂ ಗಣಿತದಲ್ಲಿ ಮುಳುಗಿದ್ದರು.

ನಿಮ್ಮ ಶಾಲೆಯಲ್ಲಿ ಅಂಥದ್ದು ಯಾವುದು ಆಗಬಹುದು ಅಂತ ಯೋಚಿಸಿದೆ. ನಿಮ್ಮಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಮಳೆ. ಮಳೆಗೆ ಹೆಸರಾದ ಹುಲಿಕಲ್ ನಿಮ್ಮ ತಾಲ್ಲೂಕಿನದೇ, ಆಗುಂಬೆ ಪಕ್ಕದ ತಾಲ್ಲೂಕಿನದು. ಮಳೆ ಅಳೆಯಿರಿ. ತಳವೂ ಬಾಯಿಯೂ ಒಂದೇ ಅಗಲ ಇರುವ ಡಬ್ಬ ಬೇಕು. ಸ್ವಲ್ಪ ಎತ್ತರದ್ದೇ ಇರಲಿ, ಆಷಾಢದಲ್ಲಿ ಗಿಡ್ಡ ಡಬ್ಬ ಒಂದೇ ರಾತ್ರಿಗೆ ತುಂಬಿ ಚೆಲ್ಲಬಹುದು. ಮರದ ಹನಿ, ಸೂರಿನ ನೀರು ಬೀಳದ ಬಯಲಲ್ಲಿ ಇಡಿ. ಹವಾಮಾನ ಇಲಾಖೆ ದಿನದ ಮಳೆಯ ಲೆಕ್ಕ ತೆಗೆಯುವುದು ಬೆಳಿಗ್ಗೆ 8.30ಕ್ಕೆ. ನಿಮ್ಮ ಮಕ್ಕಳೂ ಅದೇ ಹೊತ್ತಿಗೆ ಸ್ಕೇಲ್ ಇಳಿಸಲಿ. ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟು ಮಳೆ. ಬರೆದುಕೊಂಡು ಡಬ್ಬ ಖಾಲಿ ಮಾಡಲಿ.

ದೊಡ್ಡ ಡಬ್ಬ, ಸಣ್ಣ ಡಬ್ಬ ಎರಡನ್ನೂ ಅಕ್ಕಪಕ್ಕ ಇಡಿಸಿ. ಎರಡರಲ್ಲೂ ಆಳ ಹೆಚ್ಚುಕಮ್ಮಿ ಒಂದೇ ಬರುತ್ತದೆ. ಯಾಕೆ? ಉತ್ತರವನ್ನು ನೀವು ಹೇಳಬೇಡಿ. ಎರಡು ದಿನ ಹಾಗೇ ಬಿಡಿ. ಭಾನುವಾರ ಯಾರು ನೋಡುವುದು, ಸೋಮವಾರ ಎರಡು ದಿನದ್ದು ಸೇರಿ ಬಂದರೆ ಹೇಗೆ ಬರೆಯುವುದು ಅಂತ ಅವರೇ ಜಗಳ ಆಡಲಿ.

ತಿಂಗಳ ಕೊನೆಗೆ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನ್ ಸಾಕು. ಮೊತ್ತ, ಸರಾಸರಿ ತೆಗೆದು ಕಂಬನಕ್ಷೆ ಮಾಡಿ. 35ರ ಬದಲು 350 ಅಂತ ಬೆರಳಚ್ಚಾದರೆ ಒಂದು ಕಂಬ ಮಾತ್ರ ತಾಳೆಮರದಂತೆ ಎದ್ದು ನಿಲ್ಲುತ್ತದೆ. ತಪ್ಪನ್ನು ಮಕ್ಕಳೇ ಹಿಡಿಯುತ್ತಾರೆ. ನಕ್ಷೆಯನ್ನು ಚಿತ್ರ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಇಂಟರ್‌ನೆಟ್ ಬೇಡವೇ ಬೇಡ. ಶಿಕಾರಿಪುರದ ಕಡೆ ನಿಮಗೆ ಗೊತ್ತಿರುವ ಶಿಕ್ಷಕರಿದ್ದರೆ ಅವರ ಮಕ್ಕಳೂ ಅಳೆಯಲಿ. ಒಂದೇ ಜಿಲ್ಲೆ, ಎರಡು ನಕ್ಷೆ, ಎಷ್ಟು ವ್ಯತ್ಯಾಸ! ಘಟ್ಟಕ್ಕೂ ಮಳೆಗೂ ಏನು ಸಂಬಂಧ ಎಂಬ ಪಾಠಕ್ಕೆ ಅದಕ್ಕಿಂತ ಬೇರೆ ಪೀಠಿಕೆ ಬೇಕಿಲ್ಲ.

ಇಲ್ಲಿ ನಿಮ್ಮ ಜೊತೆ ಒಂದು ಜಗಳವಿದೆ. ಟಿವಿ ಹಾಕಿದರೆ ಮಕ್ಕಳು ಸುಮ್ನೆ ಕೂರುತ್ತಾರೆ, ಅದು ಲಾಭ ಎಂದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ನಲಿಕಲಿ ತರಗತಿಯಲ್ಲಿ ಮಕ್ಕಳು ಕಾರ್ಡ್ ಹಿಡಿದು ಓಡಾಡುತ್ತಾ ಕಲಿಯುವುದನ್ನು ನೀವೇ ನಡೆಸಿದವರು. ಟಿವಿ ಮುಂದೆ ಮಾತ್ರ ಅವರು ಯಾಕೆ ಸುಮ್ಮನಿರಬೇಕು? ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಂದೇನಾಗಬಹುದು ಅಂತ ಕೇಳಿ. ಗಲಾಟೆ ಆಗಲಿ.

ನೆಟ್‌ವರ್ಕ್ ವಿಷಯ. ದೀಕ್ಷಾದ ಪಾಠಗಳನ್ನು ಪೇಟೆಗೆ ಹೋದಾಗ ಇಳಿಸಿಟ್ಟುಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ನಡೆಯುತ್ತವೆ. ಜಿಯೋಜೀಬ್ರಾ ಒಮ್ಮೆ ಹಾಕಿಕೊಂಡರೆ ಸಾಕು. ಪರದೆಯ ಮೇಲೆ ಮಾಡಿ ನೋಡುವ ಫೆಟ್ ಎಂಬ ವಿಜ್ಞಾನದ ಪ್ರಯೋಗಗಳನ್ನೂ ಇಳಿಸಿಡಬಹುದು, ಕೆಲವು ಕನ್ನಡದಲ್ಲೂ ಇವೆ. ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಜೋಗದಲ್ಲಿ 1948ರಿಂದ ಕರೆಂಟು ತಯಾರಾಗುತ್ತಿದೆ. ಶರಾವತಿಗೆ ಹೊಲ ಮನೆ ಬಿಟ್ಟುಕೊಟ್ಟವರ ಮೊಮ್ಮಕ್ಕಳು ಕೂರುವ ಶಾಲೆಗಳಲ್ಲಿ ಮಳೆಗಾಲವಿಡೀ ಕರೆಂಟು ಬಂದು ಹೋಗುತ್ತಿರುವುದು ಅನ್ಯಾಯ. ಶಿಕ್ಷಕಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುವುದೂ ಅನ್ಯಾಯ. ಇದನ್ನು ನಾವು ಈ ಪತ್ರಿಕೆಯಲ್ಲಿ ಬರೆಯುತ್ತಲೇ ಇರುತ್ತೇವೆ.

ನೀವು ಮಾಡಬಹುದಾದದ್ದು ಇನ್ನೊಂದಿದೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್‌ನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದಿ ಮುಗಿದ ಮೇಲೆ ಅರ್ಧ ಗಂಟೆ ಕೇಳಿ ಪಡೆಯಿರಿ. ಮಳೆಯ ನಕ್ಷೆ ತೋರಿಸಿ. ಎಲ್ಲಿ ಕೆಟ್ಟಿತು, ಯಾವ ಮಗು ಏನು ಕೇಳಿತು, ಅದನ್ನೂ ಹೇಳಿ. ಫೋನ್ ಚೆನ್ನಾಗಿ ಗೊತ್ತಿರುವ ಹುಡುಗ ಮೇಷ್ಟ್ರು ನಿಮಗೆ ಸ್ಪ್ರೆಡ್‌ಶೀಟ್ ಹೇಳಿಕೊಡಲಿ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದು ಹೇಗೆ ಅಂತ ನೀವು ಅವರಿಗೆ ಹೇಳಿಕೊಡಿ. ಅಲ್ಲಿ ನಡೆಯುವುದೂ ತರಬೇತಿಯೇ, ಸರ್ಟಿಫಿಕೇಟ್ ಬರದಿದ್ದರೂ.

ಡಬ್ಬ ಈ ವಾರವೇ ಇಡಿಸಿ. ಒಂದು ತಿಂಗಳ ಅಂಕಿ, ನಕ್ಷೆ, ಜೊತೆಗೆ ದೊಡ್ಡ ಡಬ್ಬ ಸಣ್ಣ ಡಬ್ಬದ ಬಗ್ಗೆ ಮಕ್ಕಳು ಕೊಟ್ಟ ಉತ್ತರಗಳನ್ನು ಅವರ ಮಾತಿನಲ್ಲೇ ಕಳಿಸಿ. ತಪ್ಪು ಉತ್ತರಗಳೂ ಇರಲಿ. ಒಂದು ಪುಟ ಖಾಲಿ ಇಟ್ಟು ಕಾಯುತ್ತಿರುತ್ತೇನೆ.

– ಸಂಪಾದಕ