ಮೂಲ ಓದದೆ ‘ಎಲಿಜಿಬಲ್’ ಓದಬಹುದಾ?

ಜೇನ್ ಆಸ್ಟಿನ್ ಅವರ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದದೆ ನೇರವಾಗಿ ಅದೇ ಕಥೆಯನ್ನು ಇವತ್ತಿನ ಕಾಲಕ್ಕೆ ತಂದ ‘ಎಲಿಜಿಬಲ್’ ಹಿಡಿದರೆ ಅರ್ಥವಾಗುತ್ತದಾ ಅಂತ ಕೇಳಿದ್ದೀರಿ. ಕಥೆ ಅರ್ಥವಾಗುತ್ತದೆ, ಆದರೆ ಅರ್ಧ ಮಜಾ ತಪ್ಪಿಹೋಗುತ್ತದೆ.

1813ರ ಮೂಲದಲ್ಲಿ ಬೆನೆಟ್ ದಂಪತಿಗೆ ಐದೂ ಹೆಣ್ಣುಮಕ್ಕಳು. ಆಸ್ತಿ ಗಂಡಸಿಗೇ ಹೋಗಬೇಕು ಅನ್ನುವ ಕರಾರು ಇರುವುದರಿಂದ ಅಪ್ಪ ಸತ್ತರೆ ಮನೆ, ಜಮೀನು ಎಲ್ಲ ನೆಂಟ ಕಾಲಿನ್ಸ್ ಪಾಲು. ಅಮ್ಮ ಮದುವೆ ಮದುವೆ ಅಂತ ಒದ್ದಾಡುವುದು ಸುಮ್ನೆ ಅಲ್ಲ. 2016ರಲ್ಲಿ ಕರ್ಟಿಸ್ ಸಿಟನ್‌ಫೆಲ್ಡ್ ಇದನ್ನು ಅಮೆರಿಕದ ಸಿನ್ಸಿನಾಟಿಗೆ ತಂದರು. ಅಲ್ಲಿ ಬೆನೆಟ್ ಮನೆಯ ದೊಡ್ಡ ಮಗಳು ಜೇನ್ ಯೋಗ ಟೀಚರ್, ಎರಡನೆಯವಳು ಲಿಜ್ (ಮೂಲದ ನಾಯಕಿ ಎಲಿಜಬೆತ್) ಮ್ಯಾಗಜಿನ್‌ಗೆ ಬರೆಯುವವಳು, ಇಬ್ಬರಿಗೂ ನಲವತ್ತರ ಹತ್ತಿರ. ಲಿಜ್‌ಳ ಜೋಡಿ ಡಾರ್ಸಿ ಮಿದುಳಿನ ಸರ್ಜನ್! ಜೇನ್‌ಳ ಜೋಡಿ ಬಿಂಗ್ಲಿ, ಹುಡುಗಿ ಹುಡುಕುವ ಟಿವಿ ಶೋನಲ್ಲಿ ಬಂದವನು. ಮೂಲ ಗೊತ್ತಿದ್ದರೆ ತಾನೇ ಇದಕ್ಕೆಲ್ಲ ನಗು ಬರುವುದು? ಆದರೂ ಆ ಮನೆ ಕಳೆದುಕೊಳ್ಳುವ ಭಯ ಇಲ್ಲಿ ಅಷ್ಟು ತಟ್ಟುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಸೋನಿಯಾ ಕಮಾಲ್ ಅವರ ‘ಅನ್‌ಮ್ಯಾರೇಜಬಲ್’. ಇದೇ ಕಥೆ ಪಾಕಿಸ್ತಾನದಲ್ಲಿ ನಡೆಯುತ್ತದೆ, ನಾಯಕಿ ಇಂಗ್ಲಿಷ್ ಟೀಚರ್. ಮದುವೆಮನೆಯ ಗುಸುಗುಸು ನಮಗೇನು ಹೊಸದಲ್ಲ ಅಲ್ವಾ?

ಒಂದು ಕೆಲಸ ಮಾಡಿ. ಮೂಲವನ್ನು 34ನೇ ಅಧ್ಯಾಯದ ತನಕ ಓದಿ. ಡಾರ್ಸಿ ಎಲಿಜಬೆತ್‌ಗೆ ಮೊದಲ ಸಲ ಮದುವೆ ಪ್ರಸ್ತಾಪ ಮಾಡಿ ಚೆನ್ನಾಗಿ ಉಗಿಸಿಕೊಳ್ಳುವುದು ಅಲ್ಲೇ. ಆಮೇಲೆ ಪುಸ್ತಕ ನೀವೇ ಕೆಳಗಿಡುವುದಿಲ್ಲ.