ಹೆಡ್‌ಲೈಟ್ ಹಾಕಿದರೆ ರೇಡಿಯೊ ಬುಸ್ ಅನ್ನುತ್ತದೆ!

ಪ್ರಶ್ನೆ: ಕಾರಿನ ಹ್ಯಾಲೊಜೆನ್ ತೆಗೆಸಿ ಎಚ್4 (ಹೈ-ಲೋ ಎರಡೂ ಒಂದರಲ್ಲೇ ಇರುವ) ಎಲ್‌ಇಡಿ ಬಲ್ಬ್ ಹಾಕಿಸಿದ್ದೇನೆ. ಹೆಡ್‌ಲೈಟ್ ಹಾಕಿದ ಕೂಡಲೇ ಚಿತ್ರದುರ್ಗ ಆಕಾಶವಾಣಿ 102.6 ಬುಸ್ ಎಂಬ ಸದ್ದಿನಲ್ಲಿ ಮುಳುಗುತ್ತದೆ. ಹರಿಹರದ ಕಡೆ ಹೋದಷ್ಟೂ ಹೆಚ್ಚು. ಅಂಗಡಿಯವರು ಸ್ಟೀರಿಯೊ ಬದಲಿಸಿ ಅನ್ನುತ್ತಾರೆ. ಬದಲಿಸಲೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಸ್ಟೀರಿಯೊ ಚೆನ್ನಾಗಿಯೇ ಇದೆ. ಹ್ಯಾಲೊಜೆನ್ ಬಲ್ಬಿನಲ್ಲಿ ಇರುವುದು ಬರೀ ಕಾದು ಬೆಳಗುವ ತಂತಿ; ಅದರಿಂದ ರೇಡಿಯೊಗೆ ಕಾಟವಿಲ್ಲ. ಎಲ್‌ಇಡಿಗೆ ಮಾತ್ರ ಬ್ಯಾಟರಿಯ ಕರೆಂಟನ್ನು ಹದ ಮಾಡಿ ಕೊಡಬೇಕು. ಬಲ್ಬಿನ ಹಿಂದೆ ಇರುವ ಡ್ರೈವರ್ ಆ ಕೆಲಸಕ್ಕಾಗಿ ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಕಡಿದು ಕೂಡಿಸುತ್ತದೆ. ಹೀಗೆ ಕಡಿಯುವಾಗ ಏಳುವ ಹಾರ್ಮೋನಿಕ್‌ಗಳು (ಆ ವೇಗದ ಎರಡು, ಮೂರು, ನೂರು ಪಟ್ಟಿನ ಕಂಪನಗಳು) 88–108 ಮೆಗಾಹರ್ಟ್ಸ್‌ನ ಎಫ್‌ಎಂ ಪಟ್ಟಿಯವರೆಗೂ ಏರುತ್ತವೆ. ಅವನ್ನು ತಡೆಯುವ ಫಿಲ್ಟರನ್ನೇ ಅಗ್ಗದ ಬಲ್ಬ್‌ಗಳಲ್ಲಿ ಮೊದಲು ಕೈಬಿಡುತ್ತಾರೆ. 102.6ರ ಕಾಲು ಅಲೆಯ ಉದ್ದ ಸುಮಾರು 73 ಸೆಂ.ಮೀ. ಹೆಡ್‌ಲೈಟ್ ವೈರು ಅಷ್ಟಾದರೂ ಉದ್ದ ಇದ್ದೇ ಇರುತ್ತದೆ, ಅದೇ ಆಂಟೆನಾ ಆಗಿಬಿಡುತ್ತದೆ. ಎಫ್‌ಎಂನಲ್ಲಿ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಅದುಮಿಬಿಡುತ್ತದೆ. ಚಿತ್ರದುರ್ಗದಿಂದ ದೂರವಾದಂತೆ ನಿಲ್ದಾಣದ ಕೈ ಸೋತು ಬಲ್ಬಿನ ಕೈ ಮೇಲಾಗುತ್ತದೆ, ಅಷ್ಟೇ.

ಮೊದಲು ಖಚಿತಪಡಿಸಿಕೊಳ್ಳಿ. ಎಂಜಿನ್ ನಿಲ್ಲಿಸಿ, ಕೀ ಆನ್ ಇಟ್ಟು ಲೈಟ್ ಹಾಕಿ. ಆಗಲೂ ಸದ್ದಿದ್ದರೆ ಬಲ್ಬೇ ಕಾರಣ. ಎಂಜಿನ್ ಓಡುವಾಗ ಮಾತ್ರ ಬಂದು, ಆಕ್ಸಿಲರೇಟರ್ ಒತ್ತಿದಂತೆ ಶ್ರುತಿ ಏರಿದರೆ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಸದ್ದು. ಪೆನ್‌ಡ್ರೈವ್ ಹಾಡಿನಲ್ಲೂ ಕೇಳಿಸಿದರೆ ಸದ್ದು ಪವರ್ ಅಥವಾ ಅರ್ಥಿಂಗ್ ವೈರಿನಿಂದ ಬರುತ್ತಿದೆ. ರೇಡಿಯೊದಲ್ಲಿ ಮಾತ್ರವಾದರೆ ಆಂಟೆನಾ ಮೂಲಕ. ಇನ್ನು ಎಡ-ಬಲ ಬಲ್ಬ್‌ಗಳ ಸಾಕೆಟ್ ಒಂದೊಂದಾಗಿ ಕಳಚಿ ನೋಡಿ. ಎಷ್ಟೋ ಸಲ ಕೆಟ್ಟದ್ದು ಒಂದೇ ಬಲ್ಬ್.

ಪರಿಹಾರ ಫೆರೈಟ್ ಕೋರ್, ಅಂದರೆ ವೈರಿನ ಮೇಲೆ ಹಾಕಿ ಇಂಥ ಸದ್ದನ್ನು ತಡೆಯುವ ಕಾಂತೀಯ ಪಿಂಗಾಣಿಯ ಉಂಗುರ. ಎರಡು ಹೋಳಾಗಿ ತೆರೆದು ಕ್ಲಿಪ್ ಆಗುವಂಥದ್ದು, ಮಿಕ್ಸ್ (ಫೆರೈಟ್‌ನ ಬಗೆ) 31 ಅಥವಾ 43 ಎಂದು ಕೇಳಿ ತನ್ನಿ. ಒಂದು ಬಲ್ಬಿಗೆ ಒಂದು. ಡ್ರೈವರ್ ಡಬ್ಬಿಯಿಂದ 2–5 ಸೆಂ.ಮೀ. ಒಳಗೇ ಹಾಕಿ; ಒಂದಡಿ ಬಿಟ್ಟು ಹಾಕಿದರೆ ಆ ಒಂದಡಿ ವೈರು ಹಾಡುತ್ತಲೇ ಇರುತ್ತದೆ. ಎಚ್4ನ ಮೂರೂ ವೈರುಗಳು ಒಟ್ಟಿಗೇ ಕೋರ್ ಒಳಗೆ ಹೋಗಬೇಕು, ಬರೀ ಪ್ಲಸ್ ಅಲ್ಲ. ಜಾಗವಿದ್ದರೆ ಮೂರು ಸುತ್ತು ಸುತ್ತಿ: ತಡೆ ಸುತ್ತಿನ ವರ್ಗದಂತೆ ಬೆಳೆಯುವುದರಿಂದ ಸರಿಸುಮಾರು ಒಂಬತ್ತು ಪಟ್ಟು ಸಿಗುತ್ತದೆ. ಡ್ರೈವರಿನಿಂದ ಬಲ್ಬಿಗೆ ಪ್ರತ್ಯೇಕ ವೈರಿದ್ದರೆ ಅದಕ್ಕೂ ಒಂದು ಬೇಕು. ಕೋರ್ ಹೋಳುಗಳ ನಡುವೆ ಧೂಳು ಸೇರಿದರೆ ಕೆಲಸ ಅರ್ಧಕ್ಕಿಳಿಯುತ್ತದೆ, ಟೈ ಹಾಕಿ ಬಿಗಿಯಿರಿ.

ಸಾಲದಿದ್ದರೆ ಡ್ರೈವರಿನ ಪ್ಲಸ್-ಮೈನಸ್ ನಡುವೆ 0.1 ಮೈಕ್ರೊಫ್ಯಾರಡ್ ಮತ್ತು 1 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಎರಡೂ 100 ವೋಲ್ಟಿನವು. ಕಾಲುಗಳನ್ನು ಆದಷ್ಟು ಕತ್ತರಿಸಿ. 5 ಸೆಂ.ಮೀ. ಕಾಲು ಸುಮಾರು 50 ನ್ಯಾನೊಹೆನ್ರಿ ಆಗುತ್ತದೆ, ಅಂದರೆ 100 ಮೆಗಾಹರ್ಟ್ಸ್‌ನಲ್ಲಿ 30 ಓಮ್‌ಗೂ ಮೇಲೆ. ಕೆಪಾಸಿಟರ್ ಇದ್ದೂ ಇಲ್ಲದಂತೆ. ಇದು ಶಾರ್ಟ್ ಆದರೆ ತೊಂದರೆ, ಹಾಗಾಗಿ ಫ್ಯೂಸ್‌ನ ನಂತರವೇ ಇರಲಿ. ಅನೇಕ ಕಾರುಗಳಲ್ಲಿ ಎಚ್4ನಲ್ಲಿ ಹೈ-ಲೋ ಎರಡಕ್ಕೂ ಸೇರಿದ (ಕಾಮನ್) ಪಿನ್ ಪ್ಲಸ್ ಆಗಿರುತ್ತದೆ, ಮೀಟರಿನಲ್ಲಿ ನೋಡದೆ ಬೆಸುಗೆ ಹಾಕಬೇಡಿ.

ಆಂಟೆನಾ ಬುಡದ ಸ್ಕ್ರೂ ಬಿಚ್ಚಿ ತುಕ್ಕು ಉಜ್ಜುವುದನ್ನೂ ಮರೆಯಬೇಡಿ. ಹಾಗೆಯೇ ಒಂದು ಮಾತು, ನೀವು ಕೇಳದಿದ್ದರೂ: ಹ್ಯಾಲೊಜೆನ್ ರಿಫ್ಲೆಕ್ಟರಿನಲ್ಲಿ ಕೂರಿಸಿದ ಎಲ್‌ಇಡಿ ಹೆದ್ದಾರಿಯಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ. ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಬೀಳಬಹುದು. ಹಳೆಯ 60/55 ವ್ಯಾಟ್ ಬಲ್ಬ್ ಇನ್ನೂ ಇದ್ದರೆ ಅದನ್ನೇ ಮತ್ತೆ ಹಾಕುವುದು ಎಲ್ಲಕ್ಕಿಂತ ಅಗ್ಗದ ಫಿಲ್ಟರ್.

ಪ್ರಶ್ನೆ: ಟ್ರ್ಯಾಕ್ಟರ್‌ಗೆ ಎಲ್‌ಇಡಿ ಲೈಟ್ ಹಾಕಿದ ಮೇಲೆ ರಾತ್ರಿ ಉಳುವಾಗ ಭದ್ರಾವತಿ ಆಕಾಶವಾಣಿ ಕೇಳುವುದೇ ಇಲ್ಲ. ಫೆರೈಟ್ ಹಾಕಿದರೂ ಅಷ್ಟೇ.
– ಓದುಗರು, ಜಗಳೂರು

ಉತ್ತರ: ಭದ್ರಾವತಿ ಬರುವುದು ಮೀಡಿಯಂ ವೇವ್ 675 ಕಿಲೋಹರ್ಟ್ಸ್‌ನಲ್ಲಿ. ಡ್ರೈವರ್ ಕರೆಂಟ್ ಕಡಿಯುವ ವೇಗವೂ ಅದರ ಆಸುಪಾಸಿನದೇ, ಆದ್ದರಿಂದ ಪೆಟ್ಟು ನೇರ. ಒಂದು ಸುತ್ತಿನ ಫೆರೈಟ್ ಇಷ್ಟು ಕೆಳಗೆ ಏನೂ ಮಾಡದು. ಪ್ಲಸ್ ವೈರಿಗೆ ಸರಣಿಯಲ್ಲಿ 100 ಮೈಕ್ರೊಹೆನ್ರಿ ಚೋಕ್ (ಕೋರ್ ಮೇಲೆ ಸುತ್ತಿದ ತಂತಿಯ ಸುರುಳಿ), ಅದರ ಬ್ಯಾಟರಿ ಬದಿಯಿಂದ ಮೈನಸ್‌ಗೆ 10 ಮೈಕ್ರೊಫ್ಯಾರಡ್, 50 ವೋಲ್ಟಿನ ಕೆಪಾಸಿಟರ್ ಹಾಕಿ. ಚೋಕ್ ಕನಿಷ್ಠ 5 ಆಂಪಿಯರಿನದಾಗಿರಲಿ. 30 ವ್ಯಾಟ್ ಲೈಟು 12 ವೋಲ್ಟಿನಲ್ಲಿ ಎಳೆಯುವುದು 2.5 ಆಂಪಿಯರ್, ಸಣ್ಣ ಚೋಕ್ ತಂದರೆ ಕೋರ್ ಕಾಂತಶಕ್ತಿಯಿಂದ ತುಂಬಿಹೋಗಿ ಬರೀ ತಂತಿಯಂತಾಗುತ್ತದೆ. ಪ್ಲಸ್-ಮೈನಸ್ ವೈರುಗಳನ್ನು ಹುರಿಯಾಗಿ ಹೆಣೆದು, ರೇಡಿಯೊವನ್ನು ಅವುಗಳಿಂದ ದೂರವಿಡಿ. ಮೀಡಿಯಂ ವೇವ್ ಆಂಟೆನಾ ರೇಡಿಯೊ ಒಳಗಿನ ಫೆರೈಟ್ ಕಡ್ಡಿ. ಸದ್ದು ಕಡಿಮೆಯಾಗುವ ದಿಕ್ಕಿಗೆ ರೇಡಿಯೊ ತಿರುಗಿಸಿ ನೋಡಿ, ಅರ್ಧ ಗೆದ್ದಂತೆ.

ಪ್ರಶ್ನೆ: ಎಲ್‌ಇಡಿ ಮಿನುಗುತ್ತದೆಂದು ಒಬ್ಬರು 6 ಓಮ್ ರೆಸಿಸ್ಟರ್ ಹಾಕಿಕೊಟ್ಟರು. ರೇಡಿಯೊ ಸದ್ದಿಗೂ ಅದೇ ಮದ್ದಂತೆ, ಹೌದೇ?
– ಓದುಗರು, ಹೊಸದುರ್ಗ

ಉತ್ತರ: ಅಲ್ಲ. ಅದು ಗಾಡಿಗೆ ಹಳೆಯ ಬಲ್ಬೇ ಇದೆ ಎಂದು ನಂಬಿಸುತ್ತದೆ, ಅಷ್ಟೇ. 14 ವೋಲ್ಟಿನಲ್ಲಿ 33 ವ್ಯಾಟ್ ಬಿಸಿ ಉಗುಳುವ ಇದನ್ನು ಪ್ಲಾಸ್ಟಿಕ್‌ಗೋ ವೈರಿಂಗ್‌ಗೋ ತಾಗಿಸಿಟ್ಟಿದ್ದರೆ ಇಂದೇ ಬಿಚ್ಚಿ, ಬಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಿ.